ಬೋಲ್ಟು ಬಿಗಿಯುವ ವಿದ್ಯೆ

ಪ್ರೆಷರ್ ಕುಕ್ಕರು ಇಲ್ಲದ ಅಡುಗೆಮನೆ ಇಂದು ವಿರಳ. ಅದರ ಮುಚ್ಚಳದ ಒಳ ಅಂಚಿನಲ್ಲಿ ರಬ್ಬರಿನ ಬಳೆಯೊಂದು ಕುಳಿತಿರುವುದನ್ನು ಎಲ್ಲರೂ ಬಲ್ಲರು. ಆ ಬಳೆ ಹಳತಾಗಿ ಬಿರುಸಾದರೆ ಹಬೆಯು ಬದಿಯಿಂದ ಬುಸುಗುಟ್ಟುತ್ತ ಹೊರಬೀಳುವುದು; ಸೀಟಿ ಕೂಗುವುದಿಲ್ಲ, ಬೇಳೆ ಬೇಯುವುದಿಲ್ಲ. ಕುಕ್ಕರಿನ ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚಾಗಿರುವುದು. ಮುಚ್ಚಳದ ವ್ಯಾಸ 20 ಸೆಂ.ಮೀ. ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ. ಆಗುತ್ತದೆ. ಎಂದರೆ, ಒಲೆಯ ಮೇಲಿರುವ ಆ ಪುಟ್ಟ ಮುಚ್ಚಳವನ್ನು ಮೂರು ಕ್ವಿಂಟಲಿಗೂ ಮಿಕ್ಕ ಬಲವು ಮೇಲಕ್ಕೆ ನೂಕುತ್ತಿರುವುದು!

ಈಗ ಅಡುಗೆಮನೆಯಿಂದ ಮೋಟಾರು ಕಾರಿನ ಎಂಜಿನಿಗೆ ಬರೋಣ. ಎಂಜಿನಿನ ಸಿಲಿಂಡರೂ ಒಂದು ಪಾತ್ರೆಯೇ. ಅದಕ್ಕೂ ಒಂದು ಮುಚ್ಚಳವುಂಟು. ಇದನ್ನು ಸಿಲಿಂಡರ್ ಹೆಡ್ ಎನ್ನುತ್ತಾರೆ. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಉರಿದಾಗ ಒಳಗಿನ ಒತ್ತಡವು, ಎಂಜಿನು ಪೂರ್ಣ ಶಕ್ತಿಯಿಂದ ದುಡಿಯುತ್ತಿದ್ದರೆ, ಕ್ಷಣಕಾಲ ವಾತಾವರಣದ ಒತ್ತಡದ 60 ಪಟ್ಟಿನಷ್ಟು ಏರಬಹುದು. ಸಿಲಿಂಡರಿನ ವ್ಯಾಸ 80 ಮಿ.ಮೀ. ಆಗಿದ್ದರೆ ಹೆಡ್ಡನ್ನು ಮೇಲಕ್ಕೆ ಎತ್ತುವ ಬಲ ಸುಮಾರು ಮೂರು ಟನ್ನು. ಇದು ಒಮ್ಮೆ ಬಂದು ಹೋಗುವ ಬಲವಲ್ಲ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ಈ ಹೊಡೆತ ಬೀಳುವುದು. ಇದನ್ನು ತಡೆದು ನಿಲ್ಲಿಸುವುವು ಯಾವುವು? ಕೈಬೆರಳಿನ ಗಾತ್ರದ ಕೆಲವು ಬೋಲ್ಟುಗಳು, ಅಷ್ಟೆ. ನಾಲ್ಕು ಸಿಲಿಂಡರಿನ ಅನೇಕ ಎಂಜಿನುಗಳಲ್ಲಿ ಅವುಗಳ ಸಂಖ್ಯೆ ಹತ್ತು.

ಹಳೆಯ ಕಾರನ್ನು ಕೊಂಡು, ಮನೆಯ ಶೆಡ್ಡಿನಲ್ಲಿಯೇ ಎಂಜಿನನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಾಯಿಸಿ ಮತ್ತೆ ಜೋಡಿಸುವ ಹವ್ಯಾಸ ಅನೇಕ ದೇಶಗಳಲ್ಲಿ ಉಂಟು. ಹೀಗೆ ತಿಂಗಳುಗಟ್ಟಲೆ ದುಡಿದವನು ಕೊನೆಗೆ ಹೆಡ್ಡನ್ನು ಕೂರಿಸಿ ಹತ್ತು ಬೋಲ್ಟುಗಳನ್ನು ಬಿಗಿಯಬೇಕು. ಈ ಕೆಲಸಕ್ಕೆ ಬೇಕಾದ ಕಾಲ ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಆದರೆ ಅದುವರೆಗಿನ ಎಲ್ಲ ದುಡಿಮೆಯ ಫಲವೂ ಈ ಅರ್ಧ ಗಂಟೆಯನ್ನು ಅವಲಂಬಿಸಿದೆ. "ಬಿಗಿಯುವುದರಲ್ಲಿ ಏನಿದೆ? ತೋಳಿನಲ್ಲಿ ಶಕ್ತಿಯಿದ್ದರೆ ಸಾಕು" ಎನ್ನುವವರಿದ್ದಾರೆ. ಎಷ್ಟೋ ಎಂಜಿನುಗಳು ಕೆಟ್ಟಿರುವುದು ಈ ನಂಬಿಕೆಯಿಂದಲೇ. ಬೋಲ್ಟು ಬಿಗಿಯುವುದು ತೋಳ್ಬಲದ ಪ್ರಶ್ನೆಯಲ್ಲ. ಅದರ ಹಿಂದೆ ಪ್ರೌಢಶಾಲೆಯ ಭೌತಶಾಸ್ತ್ರದ ಕೆಲವು ಸರಳ ನಿಯಮಗಳು ಅಡಗಿವೆ.

ಮೂರು ಶತ್ರುಗಳ ನಡುವೆ ಒಂದು ಹಾಳೆ

ಸಿಲಿಂಡರುಗಳನ್ನು ಕೊರೆದಿರುವ ದೊಡ್ಡ ಎರಕಕ್ಕೆ ಬ್ಲಾಕ್ ಎಂದು ಹೆಸರು. ಬ್ಲಾಕಿಗೂ ಹೆಡ್ಡಿಗೂ ನಡುವೆ ತೆಳುವಾದ ಒಂದು ಹಾಳೆಯನ್ನು ಇಡುತ್ತಾರೆ. ಇದೇ ಹೆಡ್ ಗ್ಯಾಸ್ಕೆಟ್. ಕುಕ್ಕರಿನ ಬಳೆಗೆ ಇರುವ ಶತ್ರು ಒಂದೇ, ಹಬೆ. ಈ ಹಾಳೆಗಾದರೋ ಮೂವರು ಶತ್ರುಗಳು. ಸಿಲಿಂಡರಿನೊಳಗೆ ಬೆಂಕಿ, ಅದರ ಸುತ್ತಲಿನ ಕಾಲುವೆಗಳಲ್ಲಿ ಎಂಜಿನನ್ನು ತಂಪುಮಾಡುವ ನೀರು, ಬೇರೆ ಸಣ್ಣ ರಂಧ್ರಗಳಲ್ಲಿ ಒತ್ತಡದಿಂದ ಹರಿಯುವ ಎಣ್ಣೆ. ಕೆಲವೇ ಮಿಲಿಮೀಟರುಗಳ ಅಂತರದಲ್ಲಿರುವ ಈ ಮೂರೂ ಒಂದನ್ನೊಂದು ಸೇರದಂತೆ ಹಾಳೆಯು ಕಾಯಬೇಕು.

ಅದು ಸೋತರೆ ಲಕ್ಷಣಗಳು ಬೇಗನೆ ಗೋಚರಿಸುವುವು. ನೀರು ಸಿಲಿಂಡರಿಗೆ ನುಗ್ಗಿದರೆ ಹಿಂದಿನ ಕೊಳವೆಯಿಂದ ಬಿಳಿಯ ಹಬೆ ನಿಲ್ಲದೆ ಹೊರಡುವುದು. ನೀರೂ ಎಣ್ಣೆಯೂ ಬೆರೆತರೆ ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು. ಅಂಥ ಎಣ್ಣೆಯಿಂದ ಬೇರಿಂಗುಗಳಿಗೆ ರಕ್ಷಣೆ ದೊರೆಯದು. ಎರಡು ಸಿಲಿಂಡರುಗಳ ನಡುವಣ ಕಿರಿದಾದ ಪಟ್ಟಿ ಸುಟ್ಟುಹೋದರೆ ಆ ಎರಡೂ ಸಿಲಿಂಡರುಗಳು ಶಕ್ತಿಗುಂದುವುವು. ನೀರು ಬರಿದಾಗಿ ಎಂಜಿನು ಮಿತಿಮೀರಿ ಕಾದರೆ ಹೆಡ್ಡು ಡೊಂಕಾಗುವುದು. ಅಲ್ಲಿಗೆ ಹೊಸ ಹಾಳೆಯಿಂದಲೂ ಪ್ರಯೋಜನವಿಲ್ಲ.

ಹಾಳೆಯು ತನ್ನ ಕೆಲಸವನ್ನು ಮಾಡಬೇಕಾದರೆ ಅದನ್ನು ಎಲ್ಲ ಕಡೆಯೂ ಸಾಕಷ್ಟು ಬಲದಿಂದ, ಸಮನಾಗಿ ಅದುಮಿ ಹಿಡಿದಿರಬೇಕು. ಸಿಲಿಂಡರಿನ ಬಾಯಿಯ ಸುತ್ತ ಇರುವ ಲೋಹದ ಉಂಗುರವಂತೂ ಚೆನ್ನಾಗಿ ಜಜ್ಜಿದಂತೆ ಕೂರಬೇಕು. ಆದ್ದರಿಂದ ಬೋಲ್ಟುಗಳ ಒಟ್ಟು ಹಿಡಿತವು ಅನಿಲದ ನೂಕುಬಲಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವಂತೆ ಎಂಜಿನನ್ನು ರಚಿಸಿರುತ್ತಾರೆ.

ಬೋಲ್ಟೂ ಒಂದು ಸ್ಪ್ರಿಂಗು

ಬೋಲ್ಟು ಹೇಗೆ ಹಿಡಿಯುತ್ತದೆ? ಅದನ್ನು ತಿರುಗಿಸಿದ್ದರಿಂದ ಎಂದು ತೋರುವುದು ಸಹಜ. ನಿಜವಾಗಿ ಅದು ಹಿಡಿಯುವುದು ತಾನು ಹಿಗ್ಗಿದ್ದರಿಂದ. ಉಕ್ಕಿನಷ್ಟು ಗಟ್ಟಿಯಾದ ವಸ್ತುವೂ ಎಳೆದರೆ ರಬ್ಬರಿನಂತೆ ಉದ್ದವಾಗುವುದು, ಬಿಟ್ಟರೆ ಮೊದಲಿನಂತಾಗುವುದು. ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ. ಎಳೆತವು ದ್ವಿಗುಣಿಸಿದರೆ ಹಿಗ್ಗೂ ದ್ವಿಗುಣಿಸುವುದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಬೇರೆ ಬೇರೆ ವಸ್ತುಗಳು ಎಷ್ಟೆಷ್ಟು ಹಿಗ್ಗುವುವೆಂದು ಹೋಲಿಸಲು ನೆರವಾಗುವ ಗುಣಾಂಕಕ್ಕೆ 1807ರಲ್ಲಿ ಅದನ್ನು ವಿವರಿಸಿದ ಥಾಮಸ್ ಯಂಗನ ಹೆಸರು ನಿಂತಿದೆ. ಉಕ್ಕಿಗೆ ಈ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 2,00,000 ನ್ಯೂಟನ್.

ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ಬೋಲ್ಟಿನ ವ್ಯಾಸ 10 ಮಿ.ಮೀ. ಇರಲಿ, ತಿರುಪಿನ ಎರಡು ಸುತ್ತುಗಳ ನಡುವಣ ಅಂತರ 1.5 ಮಿ.ಮೀ. ಇರಲಿ. ಸುತ್ತುಗಳ ತಗ್ಗನ್ನು ಕಳೆದರೆ ಎಳೆತವನ್ನು ತಾಳುವ ವಿಸ್ತೀರ್ಣ 58 ಚದರ ಮಿ.ಮೀ. ಉಳಿಯುತ್ತದೆ. ಇಂಥ ಬೋಲ್ಟಿನ ತಲೆಯ ಮೇಲೆ 10.9 ಎಂಬ ಅಂಕಿಯನ್ನು ಕೆತ್ತಿದ್ದರೆ ಅದು ಉಕ್ಕಿನ ಜಾತಿಯನ್ನು ಸೂಚಿಸುವುದು: ಮೊದಲಿನ 10ರ ಅರ್ಥ, ಚದರ ಮಿಲಿಮೀಟರಿಗೆ 1000 ನ್ಯೂಟನ್ ಎಳೆತದವರೆಗೂ ಅದು ತುಂಡಾಗದು, ಚುಕ್ಕೆಯ ನಂತರದ 9ರ ಅರ್ಥ, ಅದರಲ್ಲಿ ಹತ್ತನೆಯ ಒಂಬತ್ತು ಭಾಗವನ್ನು ಮುಟ್ಟಿದಾಗ ಉಕ್ಕು ಸೋತು, ಮರಳಿ ಬಾರದಂತೆ ಹಿಗ್ಗತೊಡಗುವುದು. ಶಾಶ್ವತವಾಗಿ ಹಿಗ್ಗದೆ ಈ ಬೋಲ್ಟು ತಾಳಬೇಕಾದ ಎಳೆತವು ಸುಮಾರು 48,000 ನ್ಯೂಟನ್ ಎಂದು ಗೊತ್ತುಮಾಡಿದ್ದಾರೆ. ಇದರ ಮುಕ್ಕಾಲು ಪಾಲು, ಎಂದರೆ 36,000 ನ್ಯೂಟನ್ ಎಳೆತವನ್ನು ನಾವು ಕೊಡಬೇಕೆಂದು ಇಟ್ಟುಕೊಳ್ಳೋಣ. ಇದು ಮೂರೂವರೆ ಟನ್ನಿಗೂ ಮಿಕ್ಕ ತೂಕಕ್ಕೆ ಸಮ. ಆಗ ಬೋಲ್ಟಿನ ಹಿಡಿತಕ್ಕೆ ಒಳಗಾದ ಉದ್ದ 100 ಮಿ.ಮೀ. ಆಗಿದ್ದರೆ ಅದು ಸುಮಾರು 0.3 ಮಿ.ಮೀ. ಹಿಗ್ಗುವುದು.

ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಕಡಿಮೆಯಾದ ಈ ಹಿಗ್ಗೇ ಇಡೀ ಎಂಜಿನಿನ ಪ್ರಾಣ. ಬೋಲ್ಟು ತನ್ನ ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತ, ಹಿಗ್ಗಿಸಿದ ಸ್ಪ್ರಿಂಗಿನಂತೆ ಹೆಡ್ಡನ್ನು ಬ್ಲಾಕಿಗೆ ಒತ್ತುತ್ತಿರುತ್ತದೆ.

ಸ್ಪ್ರಿಂಗ್ ತ್ರಾಸಿನ ಪ್ರಯೋಗ

ಮೊದಲೇ ಇಷ್ಟು ಬಲವಾಗಿ ಎಳೆದಿಟ್ಟ ಬೋಲ್ಟಿನ ಮೇಲೆ ಅನಿಲದ ಹೊಡೆತವೂ ಬಿದ್ದರೆ ಅದು ತುಂಡಾಗುವುದಿಲ್ಲವೆ? ಸಡಿಲವಾಗಿ ಬಿಗಿಯುವುದೇ ಲೇಸಲ್ಲವೆ? ಈ ಸಂದೇಹವನ್ನು ಒಂದು ಪ್ರಯೋಗದಿಂದ ಪರಿಹರಿಸಿಕೊಳ್ಳಬಹುದು. ಶಾಲೆಯ ಪ್ರಯೋಗಶಾಲೆಯಲ್ಲಿ ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು.

ಒಂದು ಸ್ಪ್ರಿಂಗ್ ತ್ರಾಸನ್ನು ತೊಲೆಗೆ ತೂಗುಹಾಕಿ. ಅದರ ಕೊಕ್ಕೆಯಿಂದ ಒಂದು ಉಕ್ಕಿನ ತಂತಿಯನ್ನು ಕೆಳಗಿನ ಗಟ್ಟಿಯಾದ ಗೂಟಕ್ಕೆ ಬಿಗಿಯಾಗಿ ಕಟ್ಟಿ, ಮುಳ್ಳು 10 ಕಿಲೋಗ್ರಾಮನ್ನು ತೋರಿಸುವಂತೆ ಮಾಡಿ. ಈಗ ಅದೇ ಕೊಕ್ಕೆಗೆ 4 ಕಿಲೋಗ್ರಾಮಿನ ತೂಕವನ್ನು ತಗುಲಿಸಿ. ಮುಳ್ಳು 14ಕ್ಕೆ ಇಳಿಯುವುದೆಂದು ನಿರೀಕ್ಷಿಸಿದರೆ ನಿರಾಶೆ ಕಾದಿದೆ. ಅದು 10ರಲ್ಲಿಯೇ ನಿಂತಿರುವುದು! ಕಡಿಮೆಯಾದದ್ದು ತಂತಿಯ ಬಿಗಿ ಮಾತ್ರ. ಅದು 10ರಿಂದ 6ಕ್ಕೆ ಇಳಿದಿದೆ. ತೂಕವನ್ನು 12 ಕಿಲೋಗ್ರಾಮಿಗೆ ಏರಿಸಿದರೆ ತಂತಿಯು ಪೂರ್ತಿ ಸಡಿಲಾಗಿ ಮುಳ್ಳು 12ಕ್ಕೆ ಬರುವುದು.

ಇಲ್ಲಿ ತ್ರಾಸಿನ ಸ್ಪ್ರಿಂಗೇ ನಮ್ಮ ಬೋಲ್ಟು, ತಂತಿಯ ಬಿಗಿಯೇ ಹೆಡ್ಡಿಗೂ ಬ್ಲಾಕಿಗೂ ನಡುವಣ ಒತ್ತುವಿಕೆ, ತೂಗುಹಾಕಿದ ತೂಕವೇ ಅನಿಲದ ನೂಕುಬಲ. ಬೋಲ್ಟನ್ನು ಮೊದಲೇ ಸಾಕಷ್ಟು ಎಳೆದಿಟ್ಟಿದ್ದರೆ ಹೊರಗಿನ ಹೊಡೆತಗಳು ಅದಕ್ಕೆ ಹೆಚ್ಚಾಗಿ ತಟ್ಟುವುದಿಲ್ಲ. ಸಡಿಲಾದ ಬೋಲ್ಟಾದರೋ ಸೆಕೆಂಡಿಗೆ 25 ಸಲ ಜಗ್ಗಿ ಬಿಟ್ಟಂತಾಗಿ, ಬಗ್ಗಿಸಿ ಬಗ್ಗಿಸಿ ಮುರಿದ ತಂತಿಯ ಹಾಗೆ ದಣಿದು ತುಂಡಾಗುವುದು. ಆದ್ದರಿಂದ ಬೋಲ್ಟಿಗೆ ಕ್ಷೇಮವೆನ್ನುವುದು ಸಡಿಲಿನಲ್ಲಿಲ್ಲ, ತಕ್ಕ ಬಿಗಿಯಲ್ಲಿದೆ.

ಕಳ್ಳನೇ ಕಾವಲುಗಾರ

ಬೋಲ್ಟು 0.3 ಮಿ.ಮೀ. ಹಿಗ್ಗಿದೆಯೇ ಇಲ್ಲವೇ ಎಂಬುದನ್ನು ಹೊರಗಿನಿಂದ ಅಳೆಯುವಂತಿಲ್ಲ. ಅದರ ಮೈಯೆಲ್ಲ ಕಬ್ಬಿಣದೊಳಗೆ ಹುದುಗಿದೆ. ಆದ್ದರಿಂದ ತಲೆಯನ್ನು ಎಷ್ಟು ಬಲದಿಂದ ತಿರುಗಿಸಿದೆವು ಎಂಬುದರ ಮೇಲೆ ಊಹಿಸಬೇಕಾಗಿದೆ. ಸ್ಪ್ಯಾನರಿನ ಉದ್ದವನ್ನು ಅದರ ತುದಿಯಲ್ಲಿ ಕೈ ಹಾಕುವ ಬಲದಿಂದ ಗುಣಿಸಿದರೆ ಬರುವುದೇ ತಿರುಗುಬಲ, ಮೆಕ್ಯಾನಿಕರ ಮಾತಿನಲ್ಲಿ ಟಾರ್ಕು. ಇದನ್ನು ತೋರಿಸುವ ಸ್ಪ್ಯಾನರಿಗೆ ಟಾರ್ಕ್ ರೆಂಚ್ ಎಂದು ಹೆಸರು. ನಮ್ಮ ಬೋಲ್ಟಿಗೆ, ಎಣ್ಣೆ ಸವರದ ಸಾಮಾನ್ಯ ಸ್ಥಿತಿಯಲ್ಲಿ, 36,000 ನ್ಯೂಟನ್ ಎಳೆತ ಬರಲು ಸುಮಾರು 72 ನ್ಯೂಟನ್ ಮೀಟರ್ ಟಾರ್ಕು ಬೇಕು. 40 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಇದು 18 ಕಿಲೋಗ್ರಾಂ ತೂಕದಷ್ಟು ಎಳೆತ. 18 ಕಿಲೋಗ್ರಾಮಿನ ಕೈಬಲದಿಂದ ಮೂರೂವರೆ ಟನ್ನಿಗೂ ಹೆಚ್ಚಿನ ಹಿಡಿತ! ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು ಹಲಗೆಯೇ ಅಲ್ಲವೆ? ಇಳಿಜಾರು ಎಷ್ಟು ಅಲ್ಪವೋ ಲಾಭ ಅಷ್ಟು ಅಧಿಕ.

ಆದರೆ ನಿಜವಾದ ಆಶ್ಚರ್ಯ ಬೇರೆಯೇ ಇದೆ. ಘರ್ಷಣೆ ಎಂಬುದೇ ಇಲ್ಲದಿದ್ದರೆ ಈ 72 ನ್ಯೂಟನ್ ಮೀಟರಿನಿಂದ ಎಷ್ಟು ಎಳೆತ ಬರಬೇಕಾಗಿತ್ತು? ಒಂದು ಸುತ್ತಿನಲ್ಲಿ ಕೈ ಮಾಡಿದ ಕೆಲಸವು ಬೋಲ್ಟು 1.5 ಮಿ.ಮೀ. ಮುಂದುವರಿಯುವುದರಲ್ಲಿ ಮಾಡಿದ ಕೆಲಸಕ್ಕೆ ಸಮವೆಂದು ಲೆಕ್ಕಹಾಕಿದರೆ ಉತ್ತರ ಸುಮಾರು 3,00,000 ನ್ಯೂಟನ್, ಎಂದರೆ 30 ಟನ್ನು! ನಮಗೆ ದೊರೆತದ್ದು ಅದರ ಎಂಟನೆಯ ಒಂದು ಭಾಗದಷ್ಟು ಮಾತ್ರ. ಕೈ ಮಾಡಿದ ಕೆಲಸದಲ್ಲಿ ಸುಮಾರು ಅರ್ಧಪಾಲು ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟದಲ್ಲಿ ಸೋರಿಹೋಗುವುದು. ಉಳಿದುದರಲ್ಲಿ ಹೆಚ್ಚಿನ ಪಾಲು ತಿರುಪಿನ ಸುತ್ತುಗಳ ಉಜ್ಜಾಟಕ್ಕೆ ವ್ಯಯವಾಗುವುದು. ಹಿಗ್ಗಿಸುವ ಕೆಲಸಕ್ಕೆ ದಕ್ಕುವುದು ರೂಪಾಯಿಗೆ ಹತ್ತು ಹನ್ನೆರಡು ಪೈಸೆ.

ಘರ್ಷಣೆಯನ್ನು ಹೀಗೆ ಕಳ್ಳನೆಂದು ದೂರುವುದು ಸುಲಭ. ಆದರೆ ಅದಿಲ್ಲದಿದ್ದರೆ ಕೈ ಬಿಟ್ಟೊಡನೆ ಬೋಲ್ಟು ತಾನಾಗಿಯೇ ಹಿಂದಕ್ಕೆ ತಿರುಗಿ ಬಿಚ್ಚಿಕೊಳ್ಳುತ್ತಿತ್ತು. ಕದ್ದ ಕಳ್ಳನೇ ಮಿಕ್ಕದ್ದಕ್ಕೆ ಕಾವಲುಗಾರನಾಗಿರುವುದು ತಿರುಪಿನ ವಿಶೇಷ.

ಇಲ್ಲಿಯೇ ಅಪಾಯವೂ ಇರುವುದು. ಬಹುಭಾಗವನ್ನು ಘರ್ಷಣೆಯು ನುಂಗುವುದರಿಂದ ಅದರಲ್ಲಿ ಆಗುವ ಸಣ್ಣ ಬದಲಾವಣೆಯೂ ಉಳಿದ ಭಾಗವನ್ನು ಬಹಳವಾಗಿ ಏರುಪೇರು ಮಾಡುವುದು. ಅದೇ ಬೋಲ್ಟಿಗೆ ಎಣ್ಣೆ ಸವರಿ ಅದೇ 72 ನ್ಯೂಟನ್ ಮೀಟರ್ ಟಾರ್ಕು ಕೊಟ್ಟರೆ ಎಳೆತವು ಸುಮಾರು 48,000 ನ್ಯೂಟನಿಗೆ ಏರಬಹುದು. ಎಂದರೆ ಬೋಲ್ಟು ತನ್ನ ಮೇರೆಯನ್ನೇ ಮುಟ್ಟಿತು. ಸುತ್ತುಗಳಲ್ಲಿ ತುಕ್ಕೂ ಮಸಿಯೂ ತುಂಬಿದ್ದರೆ ಅದೇ ಟಾರ್ಕಿನಿಂದ 24,000 ನ್ಯೂಟನ್ ಕೂಡ ಕಷ್ಟ. ರೆಂಚಿನ ಮುಳ್ಳು ಮೂರು ಸಲವೂ ಒಂದೇ ಅಂಕಿಯನ್ನು ತೋರಿಸುವುದು. ಹಿಡಿತ ಮಾತ್ರ ಒಂದಕ್ಕೆ ಎರಡರಷ್ಟು ವ್ಯತ್ಯಾಸ! ತಯಾರಕರ ಕೈಪಿಡಿಯಲ್ಲಿ ಟಾರ್ಕಿನ ಅಂಕಿಯೊಡನೆ "ಎಣ್ಣೆ ಸವರಿ" ಅಥವಾ "ಒಣದಾಗಿ" ಎಂಬ ಮಾತಿದ್ದರೆ ಅದನ್ನು ಕಡೆಗಣಿಸಬಾರದೆನ್ನುವುದು ಇದಕ್ಕಾಗಿಯೇ.

ಸಿದ್ಧತೆ

ಇಷ್ಟನ್ನು ಅರಿತವನಿಗೆ ಸಿದ್ಧತೆಯ ನಿಯಮಗಳು ಕಂಠಪಾಠದ ವಿಷಯವಾಗಿ ಉಳಿಯುವುದಿಲ್ಲ; ತಾವಾಗಿಯೇ ಹೊಳೆಯುತ್ತವೆ. ಮೊದಲನೆಯದಾಗಿ, ಹೆಡ್ಡು ಮತ್ತು ಬ್ಲಾಕಿನ ಮುಖಗಳು ಸಮತಟ್ಟಾಗಿರಬೇಕು. ನೇರವಾದ ಉಕ್ಕಿನ ಪಟ್ಟಿಯೊಂದನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅದರ ಕೆಳಗೆ ತೆಳುವಾದ ಅಳತೆಯ ತಗಡು ನುಸುಳುವುದೇ ಎಂದು ನೋಡುತ್ತಾರೆ. ಹಲವು ಎಂಜಿನುಗಳಲ್ಲಿ 0.05 ಮಿ.ಮೀ.ಗಿಂತ ಹೆಚ್ಚಿನ ಡೊಂಕನ್ನು ಒಪ್ಪುವುದಿಲ್ಲ. ಹಳೆಯ ಹಾಳೆಯ ಚೂರುಗಳನ್ನು ಎರೆದು ತೆಗೆಯಬೇಕು. ಹಳೆಯ ಕಾಲದ ಹಾಳೆಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಅಂಥದನ್ನು ಒದ್ದೆಮಾಡಿಯೇ ತೆಗೆಯಬೇಕು. ಉಜ್ಜುವ ಯಂತ್ರವನ್ನಾಗಲಿ ಗಾಳಿಯ ರಭಸವನ್ನಾಗಲಿ ಬಳಸಲೇಬಾರದು.

ಎರಡನೆಯದಾಗಿ, ಬೋಲ್ಟುಗಳನ್ನು ತೊಳೆದು ಪರೀಕ್ಷಿಸಬೇಕು. ಒಂದು ಕಡೆ ಸೊಂಟ ಸಣ್ಣಗಾದಂತೆ ಕಂಡರೆ ಆ ಬೋಲ್ಟು ಮೇರೆ ಮೀರಿ ಹಿಗ್ಗಿದೆ ಎಂದೇ ಅರ್ಥ, ಅದನ್ನು ತ್ಯಜಿಸಬೇಕು. ಬೋಲ್ಟು ತನ್ನ ಕುಳಿಯಲ್ಲಿ ಬೆರಳಿನಿಂದಲೇ ಕೊನೆಯವರೆಗೆ ಇಳಿಯುವಂತಿರಬೇಕು.

ಮೂರನೆಯ ನಿಯಮವನ್ನು ಮರೆತವರು ಎಂಜಿನನ್ನೇ ಕಳೆದುಕೊಂಡಿದ್ದಾರೆ. ಬ್ಲಾಕಿನ ಅನೇಕ ಬೋಲ್ಟುಕುಳಿಗಳಿಗೆ ತಳವುಂಟು. ತೊಳೆದಾಗಿನ ನೀರೋ ಎಣ್ಣೆಯೋ ಅಲ್ಲಿ ನಿಂತಿದ್ದರೆ ಬೋಲ್ಟು ಇಳಿಯುತ್ತ ಬಂದಂತೆ ಅದು ತಪ್ಪಿಸಿಕೊಳ್ಳಲಾರದೆ ಸಿಕ್ಕಿಬೀಳುವುದು. ದ್ರವವು ಕುಗ್ಗುವುದಿಲ್ಲ. ಬೋಲ್ಟು ಈಗ ಪಾಸ್ಕಲನ ಒತ್ತುಯಂತ್ರದ ಕೊಂತದಂತಾಯಿತು! 10 ಮಿ.ಮೀ. ವ್ಯಾಸದ ಕುಳಿಯ ಅಡ್ಡಕೊಯ್ತ 78 ಚದರ ಮಿ.ಮೀ. ಬೋಲ್ಟು 20,000 ನ್ಯೂಟನ್ ಬಲದಿಂದ ಒತ್ತಿದರೂ ದ್ರವದ ಒತ್ತಡ ವಾತಾವರಣದ 2500 ಪಟ್ಟಾಗುವುದು. ದ್ರವವು ಸುತ್ತುಗಳ ಸಂದಿನಿಂದ ಅಷ್ಟಿಷ್ಟು ಮೇಲಕ್ಕೆ ನುಸುಳಿದರೂ ಉಳಿದುದು ಎಲ್ಲ ದಿಕ್ಕಿಗೂ ಸಮನಾಗಿ ಒತ್ತುವುದು. ಎಳೆತವನ್ನು ಹೆಚ್ಚು ತಾಳದ ಎರಕದ ಕಬ್ಬಿಣ ಬಿರಿಯುವುದು. ಬಿರಿಯದಿದ್ದರೂ ಮೋಸ ತಪ್ಪಿದ್ದಲ್ಲ: ರೆಂಚಿನಲ್ಲಿ ಟಾರ್ಕು ಬಂದಂತೆ ಕಾಣುವುದು, ಹೆಡ್ಡಿನ ಮೇಲೆ ಹಿಡಿತವೇ ಇರುವುದಿಲ್ಲ. ಒಂದು ಚಮಚೆ ಎಣ್ಣೆಗೆ ಇಷ್ಟು ಶಕ್ತಿ! ಆದ್ದರಿಂದ ಕುಳಿಗಳನ್ನು ಬಟ್ಟೆಯಿಂದ ಹೀರಿಸಿ, ಕಣ್ಣಿಗೆ ಕನ್ನಡಕ ಧರಿಸಿ, ಗಾಳಿಯಿಂದ ಊದಿ ಒಣಗಿಸಬೇಕು. ಎಣ್ಣೆ ಬೇಕೆಂದಿದ್ದರೆ ಬೋಲ್ಟಿನ ಸುತ್ತುಗಳಿಗೂ ತಲೆಯ ಕೆಳಗೂ ತೆಳುವಾಗಿ ಸವರಬೇಕೇ ಹೊರತು ಕುಳಿಗೆ ಸುರಿಯಬಾರದು. ಕೆಲವು ಕುಳಿಗಳು ನೀರಿನ ಕಾಲುವೆಗೆ ತೆರೆದುಕೊಂಡಿರುವುದೂ ಉಂಟು. ಅಂಥವುಗಳ ಬೋಲ್ಟಿಗೆ ನೀರು ಏರದಂತೆ ತಡೆಯುವ ಲೇಪ ಬೇಕಾಗುವುದು.

ನಡುವಿನಿಂದ ಅಂಚಿಗೆ

ಪುಸ್ತಕದ ರಟ್ಟಿಗೆ ಕಾಗದವನ್ನು ಅಂಟಿಸುವವನು ಮೊದಲು ನಡುವೆ ಒತ್ತಿ, ಅಲ್ಲಿಂದ ಅಂಚಿನ ಕಡೆಗೆ ಕೈಯಾಡಿಸುತ್ತಾನೆ. ಅಂಚುಗಳನ್ನು ಮೊದಲು ಅಂಟಿಸಿದರೆ ನಡುವೆ ಗುಳ್ಳೆಯೇಳುವುದು. ಹೆಡ್ಡಿಗೂ ಇದೇ ನ್ಯಾಯ. ಐದೈದರ ಎರಡು ಸಾಲುಗಳಲ್ಲಿರುವ ಹತ್ತು ಬೋಲ್ಟುಗಳಲ್ಲಿ ನಟ್ಟನಡುವಿನ ಎರಡನ್ನು ಮೊದಲು ಬಿಗಿದು, ಬಳಿಕ ಅವುಗಳ ಎಡಬಲಕ್ಕೆ ಬದಲಿಸುತ್ತ, ಕೊನೆಗೆ ನಾಲ್ಕು ಮೂಲೆಗಳಿಗೆ ಬರುತ್ತಾರೆ. ಬಿಚ್ಚುವಾಗಿನ ಕ್ರಮ ಇದಕ್ಕೆ ತಿರುಗುಮುರುಗು: ಮೂಲೆಗಳಿಂದ ನಡುವಿಗೆ, ಅದೂ ಎಂಜಿನು ಪೂರ್ತಿ ತಣ್ಣಗಾದ ಮೇಲೆ. ಪ್ರತಿಯೊಂದು ಎಂಜಿನಿಗೂ ತಯಾರಕರು ಕೊಟ್ಟಿರುವ ಕ್ರಮಸಂಖ್ಯೆಯ ಚಿತ್ರವೇ ಪ್ರಮಾಣ.

ಒಂದೇ ಸಲ ಪೂರ್ತಿ ಬಿಗಿಯುವುದೂ ತಪ್ಪು. ಒಂದನ್ನು ಪೂರ್ತಿ ಬಿಗಿದರೆ ಹೆಡ್ಡು ಅಲ್ಲಿಗೆ ವಾಲಿ ಹಾಳೆಯು ಓರೆಯಾಗಿ ಜಜ್ಜಿಹೋಗುವುದು. ಆದ್ದರಿಂದ ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ಇಳಿಸಿ, ಪೂರ್ಣ ಟಾರ್ಕಿನ ಮೂರನೆಯ ಒಂದು ಭಾಗಕ್ಕೆ ಒಂದು ಸುತ್ತು, ಮೂರನೆಯ ಎರಡು ಭಾಗಕ್ಕೆ ಇನ್ನೊಂದು ಸುತ್ತು, ಪೂರ್ಣಕ್ಕೆ ಮತ್ತೊಂದು ಸುತ್ತು, ಹೀಗೆ ಹಂತಹಂತವಾಗಿ ಬಿಗಿಯುವುದು ರೂಢಿ. ರೆಂಚನ್ನು ಜಗ್ಗದೆ, ಒಂದೇ ಸಮನೆ, ಎಡೆಬಿಡದೆ ಎಳೆಯಬೇಕು. ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲವು ಚಲಿಸುತ್ತಿರುವುದನ್ನು ಚಲಿಸಲು ಬೇಕಾದುದಕ್ಕಿಂತ ಹೆಚ್ಚೆಂಬುದು ನಮಗೆ ತಿಳಿದದ್ದೇ. ನಡುವೆ ನಿಲ್ಲಿಸಿದರೆ ರೆಂಚು ಅಳೆಯುವುದು ಬೋಲ್ಟಿನ ಹಿಗ್ಗನ್ನಲ್ಲ, ಅಂಟಿಕೊಂಡ ಘರ್ಷಣೆಯನ್ನು.

ಒಂದು ಎಂಜಿನಿನ ನಿದರ್ಶನ

ಟಾರ್ಕಿನ ಅಂಕಿಯು ಇಷ್ಟು ಚಂಚಲವಾಗಿದ್ದರೆ ಹಿಗ್ಗನ್ನೇ ನೇರವಾಗಿ ಅಳೆಯುವ ಉಪಾಯವಿಲ್ಲವೆ? ಉಂಟು. ತಲೆಯು ತಾಗಿದ ಮೇಲೆ ಬೋಲ್ಟನ್ನು ಎಷ್ಟು ಅಂಶ ತಿರುಗಿಸಿದೆವೆಂದು ಗೊತ್ತಿದ್ದರೆ, ತಿರುಪಿನ ಅಂತರದಿಂದ ಅದು ಎಷ್ಟು ಮುಂದುವರಿಯಿತೆಂದು ಹೇಳಬಹುದು. ಅದರಲ್ಲಿ ಒಂದು ಪಾಲು ಹಾಳೆಯನ್ನೂ ಹೆಡ್ಡನ್ನೂ ಅದುಮುವುದಕ್ಕೆ ಹೋದರೂ ಉಳಿದುದೆಲ್ಲ ಬೋಲ್ಟಿನ ಹಿಗ್ಗೇ. ಘರ್ಷಣೆ ಹೆಚ್ಚಿರಲಿ ಕಡಿಮೆಯಿರಲಿ, ಕೋನವು ಸುಳ್ಳು ಹೇಳುವುದಿಲ್ಲ. ಆದ್ದರಿಂದ ಇತ್ತೀಚಿನ ಎಂಜಿನುಗಳಲ್ಲಿ ಮೊದಲು ಅಲ್ಪ ಟಾರ್ಕಿನಿಂದ ಬೋಲ್ಟನ್ನು ತಾಗಿಸಿ, ಬಳಿಕ ಇಂತಿಷ್ಟು ಅಂಶ ತಿರುಗಿಸಬೇಕೆಂದು ವಿಧಿಸುತ್ತಾರೆ.

ಇಂಗ್ಲೆಂಡಿನ ರೋವರ್ ಸಂಸ್ಥೆಯ ಕೆ-ಸರಣಿಯ ಎಂಜಿನು ಇದಕ್ಕೆ ಒಳ್ಳೆಯ ನಿದರ್ಶನ. 1989ರಲ್ಲಿ ರೋವರ್ 200 ಕಾರಿನೊಡನೆ ಮಾರುಕಟ್ಟೆಗೆ ಬಂದ ಇದರಲ್ಲಿ ಹೆಡ್ಡೂ ಬ್ಲಾಕೂ ಎರಡೂ ಅಲ್ಯೂಮಿನಿಯಮಿನವು. ಇದರ ಹತ್ತು ಬೋಲ್ಟುಗಳು ಸಾಮಾನ್ಯ ಬೋಲ್ಟುಗಳಲ್ಲ. ಹೆಡ್ಡಿನ ಮೇಲಿನಿಂದ ಹೊರಟು, ಬ್ಲಾಕಿನ ಮೈಯನ್ನೆಲ್ಲ ಹಾದು, ಕೆಳಗೆ ಕ್ರ್ಯಾಂಕ್ ದಂಡದ ಬೇರಿಂಗುಗಳನ್ನು ಹಿಡಿದಿರುವ ಚೌಕಟ್ಟನ್ನೂ ದಾಟಿ ತಳದ ಪಟ್ಟಿಯಲ್ಲಿ ತಿರುಪಿಕೊಳ್ಳುವಷ್ಟು ಉದ್ದವಾದವು. ದಾರದಲ್ಲಿ ಪೋಣಿಸಿ ಬಿಗಿದ ಮಣಿಗಳಂತೆ ಇಡೀ ಎಂಜಿನು ಈ ಹತ್ತು ಉಕ್ಕಿನ ಕಂಬಿಗಳ ನಡುವೆ ಅದುಮಿಕೊಂಡಿರುವುದು. ಇವನ್ನು ಬಿಗಿಯುವ ವಿಧಿ ಹೀಗಿದೆ: ಮೊದಲು ಕ್ರಮವಾಗಿ 20 ನ್ಯೂಟನ್ ಮೀಟರ್, ಬಳಿಕ ಅದೇ ಕ್ರಮದಲ್ಲಿ 180 ಅಂಶ, ಮತ್ತೊಮ್ಮೆ 180 ಅಂಶ. ಒಟ್ಟಿಗೆ ಒಂದು ಪೂರ್ಣ ಸುತ್ತು!

ನಮ್ಮ ಉದಾಹರಣೆಯ 100 ಮಿ.ಮೀ. ಬೋಲ್ಟನ್ನು ಹೀಗೆ ಪೂರ್ಣ ಸುತ್ತು ತಿರುಗಿಸಿದರೆ ಅದು ಮೇರೆಯನ್ನು ಎಷ್ಟೋ ಮೀರಿ ಕೆಟ್ಟುಹೋಗುವುದು. ಉದ್ದದ ಬೋಲ್ಟಿನಲ್ಲಿಯಾದರೋ ಹಿಗ್ಗು ಉದ್ದಕ್ಕೆಲ್ಲ ಹಂಚಿಹೋಗುವುದು. ಇದರಿಂದ ಇನ್ನೊಂದು ಲಾಭವೂ ಉಂಟು. ದಿನಕಳೆದಂತೆ ಹಾಳೆಯು 0.05 ಮಿ.ಮೀ. ಕುಸಿಯಿತೆನ್ನೋಣ. 0.3 ಮಿ.ಮೀ. ಹಿಗ್ಗಿದ್ದ ಗಿಡ್ಡ ಬೋಲ್ಟು ತನ್ನ ಹಿಡಿತದಲ್ಲಿ ಆರನೆಯ ಒಂದು ಭಾಗವನ್ನು ಕಳೆದುಕೊಳ್ಳುವುದು. ನಾಲ್ಕು ಪಟ್ಟು ಉದ್ದವಾಗಿ 1.2 ಮಿ.ಮೀ. ಹಿಗ್ಗಿದ್ದ ಬೋಲ್ಟಿಗೆ ಆಗುವ ನಷ್ಟ ಇಪ್ಪತ್ತನಾಲ್ಕನೆಯ ಒಂದು ಭಾಗ ಮಾತ್ರ.

ಇಷ್ಟು ಜಾಣ್ಮೆಯ ರಚನೆಯಿದ್ದರೂ ಹೆಡ್ ಗ್ಯಾಸ್ಕೆಟಿನ ತೊಂದರೆ ಈ ಎಂಜಿನಿನ ಹೆಸರಿಗೆ ಅಂಟಿಕೊಂಡಿತು. ಬೋಲ್ಟುಗಳೊಂದೇ ಸರಿಯಿದ್ದರೆ ಸಾಲದೆಂಬ ಪಾಠ ಇದರಲ್ಲಿದೆ. ಇದರ ಸಿಲಿಂಡರಿನ ಲೈನರುಗಳು ನೀರಿನಲ್ಲಿಯೇ ನಿಂತಿರುವ ಬಿಡಿ ಕೊಳವೆಗಳು. ಅವು ಬ್ಲಾಕಿನ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆದ್ದು ಹಾಳೆಯನ್ನು ಒತ್ತಬೇಕು. ಒಂದು ಲೈನರು ತಗ್ಗಿದ್ದರೂ ಎಂಥ ಬಿಗಿಯೂ ಅಲ್ಲಿ ಫಲಿಸದು. ಆದ್ದರಿಂದ ಹೆಡ್ಡು ತೆಗೆದಾಗ ಲೈನರುಗಳನ್ನು ಅದುಮಿ ಹಿಡಿಯದೆ ಕ್ರ್ಯಾಂಕನ್ನು ತಿರುಗಿಸಕೂಡದು. ಬೋಲ್ಟುಗಳನ್ನು ಕುಳಿಯೊಳಕ್ಕೆ ಬೀಳಿಸದೆ ಕೈಯಿಂದ ಮೆಲ್ಲನೆ ಇಳಿಸಬೇಕು. 2005ರಲ್ಲಿ ಎಂಜಿ ರೋವರ್ ಸಂಸ್ಥೆ ಮುಚ್ಚಿಹೋದರೂ ಇದನ್ನು ಮನೆಯಲ್ಲಿಯೇ ಬಿಚ್ಚಿ ಕೂಡಿಸುವ ಹವ್ಯಾಸಿಗಳು ಬ್ರಿಟನಿನಲ್ಲಿದ್ದಾರೆ. ಅರ್ಧ ಸುತ್ತಿಗೆ ಅವರಿಗೆ ಯಾವ ವಿಶೇಷ ಉಪಕರಣವೂ ಬೇಡ; ಪ್ರತಿ ಬೋಲ್ಟಿನ ತಲೆಯ ಮೇಲೆ ಬಣ್ಣದ ಒಂದು ಬೊಟ್ಟು ಸಾಕು.

ಕೆಲವು ತಯಾರಕರು ಇನ್ನೂ ಮುಂದೆ ಹೋಗಿ, ಬೋಲ್ಟನ್ನು ಬೇಕೆಂದೇ ಸ್ಥಿತಿಸ್ಥಾಪಕತೆಯ ಮೇರೆಯನ್ನು ತುಸು ದಾಟಿಸುತ್ತಾರೆ. ಆ ಮೇರೆಯಾಚೆ ಬೋಲ್ಟು ಹೆಚ್ಚು ಹಿಗ್ಗಿದರೂ ಎಳೆತವು ಅಷ್ಟಾಗಿ ಏರದು. ಕೋನದಲ್ಲಿ ಸ್ವಲ್ಪ ತಪ್ಪಾದರೂ ಹತ್ತೂ ಬೋಲ್ಟುಗಳ ಹಿಡಿತ ಸಮನಾಗಿಯೇ ಉಳಿಯುವುದು. ಇದಕ್ಕೆ ತೆರುವ ಬೆಲೆಯೆಂದರೆ ಅಂಥ ಬೋಲ್ಟನ್ನು ಮತ್ತೆ ಬಳಸುವಂತಿಲ್ಲದಿರುವುದು. ಕೆಲವರು ಉದ್ದವನ್ನು ಅಳೆದು, ಮಿತಿಯೊಳಗಿದ್ದರೆ ಬಳಸಲು ಅನುಮತಿ ಕೊಡುತ್ತಾರೆ. ಹಲವರು ಹೊಸದೇ ಆಗಬೇಕೆನ್ನುತ್ತಾರೆ. ಹತ್ತು ಬೋಲ್ಟುಗಳ ಬೆಲೆಯನ್ನು ಉಳಿಸಹೋಗಿ ಎಂಜಿನನ್ನು ಪಣಕ್ಕೊಡ್ಡುವುದು ಉಳಿತಾಯವಲ್ಲ.

ಕಾವಿನ ಪಾತ್ರ

ಅಲ್ಯೂಮಿನಿಯಮು ಕಾದಾಗ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದು. 90 ಮಿ.ಮೀ. ದಪ್ಪದ ಅಲ್ಯೂಮಿನಿಯಮಿನ ಹೆಡ್ಡು 80 ಡಿಗ್ರಿ ಸೆಲ್ಸಿಯಸಿನಷ್ಟು ಕಾವೇರಿದರೆ ತನ್ನನ್ನು ಹಿಡಿದಿರುವ ಉಕ್ಕಿನ ಬೋಲ್ಟಿಗಿಂತ ಸುಮಾರು 0.08 ಮಿ.ಮೀ. ಹೆಚ್ಚಾಗಿ ಬೆಳೆಯುವುದು. ಎಂದರೆ ಕಾದ ಎಂಜಿನಿನಲ್ಲಿ ಬೋಲ್ಟು ತಾನಾಗಿಯೇ ಇನ್ನಷ್ಟು ಬಿಗಿಯಾಗುವುದು. ತಣಿದಾಗ ಮೊದಲಿನ ಬಿಗಿಗೆ ಬರುವುದು. ಶೆಡ್ಡಿನಲ್ಲಿ ಬಿಗಿಯುವವನು "ಇನ್ನೊಂದಿಷ್ಟು ಇರಲಿ" ಎಂದು ಮಿತಿಮೀರಿದರೆ ಆ ಹೆಚ್ಚಿನ ಎಳೆತವು ಕಾವಿನ ಎಳೆತದೊಡನೆ ಕೂಡಿ ಬೋಲ್ಟನ್ನು ಸೋಲಿಸುವುದು.

ಹಳೆಯ ಎಂಜಿನುಗಳಲ್ಲಿ ಬೋಲ್ಟಿಗೆ ಬದಲಾಗಿ, ಬ್ಲಾಕಿನಲ್ಲಿ ನಟ್ಟ ಸ್ಟಡ್ಡು ಎಂಬ ಗೂಟಗಳ ಮೇಲೆ ನಟ್ಟು ಬಿಗಿಯುವ ಪದ್ಧತಿಯಿತ್ತು. ನಮ್ಮ ಅಂಬಾಸಡರ್ ಕಾರಿನಲ್ಲಿ ಬಹುಕಾಲ ದುಡಿದ 1489 ಘನ ಸೆಂ.ಮೀ. ಪೆಟ್ರೋಲ್ ಎಂಜಿನು ಇಂಥದೇ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿಗೆ ಸೇರಿದುದು ಅದು. ಪ್ರತಿ ಸಲ ಬಿಚ್ಚಿದಾಗಲೂ ಸವೆಯುವುದು ಉಕ್ಕಿನ ನಟ್ಟೇ ಹೊರತು ಬ್ಲಾಕಿನ ಮೆದುವಾದ ಎರಕದ ಸುತ್ತುಗಳಲ್ಲ ಎಂಬುದು ಈ ಪದ್ಧತಿಯ ಹೆಚ್ಚಳ. ಅಂದಿನ ದಪ್ಪ ಹಾಳೆಗಳು ಕಾವಿಗೆ ಕುಸಿಯುತ್ತಿದ್ದುದರಿಂದ ಅಂಥ ಅನೇಕ ಎಂಜಿನುಗಳಲ್ಲಿ, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ, ಮತ್ತೊಮ್ಮೆ ಬಿಗಿಯಬೇಕಾಗುತ್ತಿತ್ತು. ಉಕ್ಕಿನ ಪದರಗಳಿಂದಾದ ಇಂದಿನ ಹಾಳೆಗಳಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಅಂಶಗಳ ಲೆಕ್ಕದಲ್ಲಿ ಬಿಗಿದ ಬೋಲ್ಟನ್ನು ಸಂದೇಹದಿಂದ ಮತ್ತೆ ತಿರುಗಿಸಿ ನೋಡುವುದಂತೂ ಸಲ್ಲದು.

ಕೆಲಸ ಮುಗಿದ ಮೇಲೆ ಈ ಬೋಲ್ಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲಿನ ತಗಡಿನ ಮುಚ್ಚಳ ಕೂತೊಡನೆ ಅವು ಕತ್ತಲೆಯಲ್ಲಿ ಮರೆಯಾಗುವುವು. ಆದರೆ ಎಂಜಿನು ಓಡುತ್ತಿರುವಷ್ಟು ಕಾಲವೂ, ನಿಂತಿರುವಷ್ಟು ಕಾಲವೂ, ಎಳೆದ ಸ್ಪ್ರಿಂಗುಗಳಂತೆ ಅವು ಹೆಡ್ಡನ್ನು ಹಿಡಿದೇ ಇರುತ್ತವೆ. ಅವುಗಳ ಸಾಮರ್ಥ್ಯವೆಲ್ಲ ಬಿಗಿದವನ ಬಲದಿಂದ ಬಂದುದಲ್ಲ. ಹುಕ್ಕನ ನಿಯಮ ಎಲ್ಲಿಯವರೆಗೆ ಸಲ್ಲುವುದೆಂದು ಅರಿತು, ಅಲ್ಲಿಗೆ ಕೈ ತಡೆದವನ ವಿವೇಕದಿಂದ ಬಂದುದು.